ಮೀನಿನ ವಾಸನೆಗೆ ಗುಳಿಗೆ

"ಮೀನಿನ ವಾಸನೆಗೆ ಗುಳಿಗೆ ಉಂಟಾ ಅಕ್ಕೋರೆ?"
ಕೇಳಿದವಳ ತಲೆಯ ಮೇಲೆ ಬುಟ್ಟಿ,
ಬುಟ್ಟಿ ತುಂಬ ಬಂಗಡೆ.
ಕೋಡಿಬಾಗದ ರಸ್ತೆಗೆ ಆಗಷ್ಟೇ ಅಂಗಡಿಯ ಬಾಗಿಲೆತ್ತಿದ್ದೆ.
ನಕ್ಕುಬಿಟ್ಟೆ. ಅವಳು ನಗಲಿಲ್ಲ,
ಬುಟ್ಟಿ ಇಳಿಸಿ ಗಟಾರದ ಕಡೆ ಓಡಿದಳು.

ಎಷ್ಟು ತಿಂಗಳು ಎಂದು ನಾನು ಕೇಳುವುದು
ಬೆನ್ನು ತಿರುಗಿಸಿ, ಕಪಾಟಿನಲ್ಲಿ ಏನೋ ಹುಡುಕುತ್ತ.
ಮುಖ ನೋಡಿ ಕೇಳಿದರೆ ಅರ್ಧ ಜನ ಸುಳ್ಳು ಹೇಳುತ್ತಾರೆ.
"ಎರಡು ಮುಗಿದು ಒಂಬತ್ತು ದಿನ," ಅಂದಳು ಶೇವಂತಿ ತಾಂಡೇಲ,
ಸಂಘದ ಸಾಲದ ಕಂತು ಹೇಳುವ ಹಾಗೆ.

ಹಾಸಿಗೆ ಬಿಡುವ ಮೊದಲೇ ಒಂದು ಒಣ ಟೋಸು ಕಚ್ಚು.
ಶುಂಠಿ ಜಜ್ಜಿದ ನೀರು, ಗುಟುಕು ಗುಟುಕು.
ಅದಕ್ಕೂ ನಿಲ್ಲದಿದ್ದರೆ ರಾತ್ರಿಯ ಗುಳಿಗೆ ಒಂದುಂಟು,
ಡಾಕ್ಟರು ಚೀಟಿ ಬರೆಯಲಿ, ಕೊಡುತ್ತೇನೆ.
ಸ್ವಲ್ಪ ನಿದ್ದೆ ಬರ್ತದೆ.
"ನಿದ್ದೆ ಬಂದರೆ ಬಂದರದ ಹರಾಜಿಗೆ ಯಾರು ಹೋಗ್ತಾರೆ? ನೀವಾ?"

ಎದೆಯುರಿ ಬಂತು, ಮೆಣಸಿನ ಸಾರು ಮಾತ್ರ ಬಿಡಲೊಲ್ಲಳು;
ಗುಲಾಬಿ ಬಣ್ಣದ ಬಾಟಲಿ ಬರೆಸಿಕೊಂಡು ಬಂದಳು.
ಆಮೇಲೆ ಕಬ್ಬಿಣದ ಗುಳಿಗೆ, ಅದರ ಹಿಂದೆಯೇ ಮಲಬದ್ಧತೆ,
ಇಸಬ್‌ಗೋಲಿನ ಡಬ್ಬಿ.
ಒಂದು ದಿನ ದನಿ ತಗ್ಗಿಸಿ: "ಕಪ್ಪಗೆ ಹೋಗ್ತದೆ ಅಕ್ಕೋರೆ,
ಮಗುವೂ ಕಪ್ಪಾಗ್ತದಾ?"
ನಿನ್ನ ಗಂಡನ ಬಣ್ಣ ಯಾವುದು?
"ದೋಣಿಯ ತಳದ್ದು."
ಹಾಗಾದರೆ ಗುಳಿಗೆಯ ಮೇಲೆ ಹಾಕಬೇಡ ತಪ್ಪು.
ಚಹಾದೊಟ್ಟಿಗೆ ನುಂಗಬೇಡ, ಸುಣ್ಣದ ಗುಳಿಗೆಯೊಟ್ಟಿಗೂ ಬೇಡ,
ಅವೆರಡು ಅತ್ತೆ ಸೊಸೆ,
ಒಂದು ಹೊತ್ತಿಗೆ ಒಬ್ಬರೇ ಅಡುಗೆಮನೆಯಲ್ಲಿ.

ಆರರಲ್ಲಿ ದತ್ತಾರಾಮನೇ ಬಂದ, ದೋಣಿಯ ತಳದವನು,
ಕೈಯಲ್ಲಿ ಅರ್ಧ ಹರಿದ ಸ್ಟ್ರಿಪ್ಪು.
"ಇದು ಅವಳ ಸೊಂಟಕ್ಕೆ ಆಗ್ತದಲ್ಲ?
ಬಲೆ ಎಳೆದ ದಿನ ನಮಗೆಲ್ಲ ಇದೇ."
ಹೆಸರು ಓದಿ, ನನ್ನ ಕಿಸೆಗೆ ಹಾಕಿಕೊಂಡೆ.
ಇದು ನಿನ್ನ ಬೆನ್ನಿಗೆ ಮಾರಾಯ.
ಒಳಗೊಂದು ಬೆನ್ನು ಬೆಳೆಯುತ್ತಿದೆ,
ಇನ್ನೂ ಬೆಳಂಜಿ ಮುಳ್ಳಿನಷ್ಟು.
ಅವಳಿಗೆ ಬಿಸಿ ಬಟ್ಟೆ, ಮಗ್ಗುಲಿಗೊಂದು ದಿಂಬು,
ತೀರಾ ಆಗದಿದ್ದರೆ ಸಾದಾ ಪ್ಯಾರಾಸಿಟಮಾಲು,
ಅದೂ ಕೇಳಿ, ಎಣಿಸಿ.
ಬುಟ್ಟಿ ಹೊರುವುದು ಬಿಡಿಸು ಎಂದೆ.
ಅವನು ರಸ್ತೆ ನೋಡಿದ.

ಎಂಟರ ಕೊನೆಗೆ, ಮಧ್ಯಾಹ್ನ, ಅದೇ ಬುಟ್ಟಿ.
"ಆ ಬಿಳಿ ಗುಳಿಗೆ ಎರಡು ಕೊಡಿ, ತಲೆ ಒಡೀತದೆ."
ಕತ್ತರಿ ಹಿಡಿದಿದ್ದೆ, ಸ್ಟ್ರಿಪ್ಪಿಗೆ ತಾಗಿಸಿಯೂ ಆಗಿತ್ತು.
ಅವಳ ಪಾದ ಕಂಡಿತು.
ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹುಗಿದಿತ್ತು.
ಕಣ್ಣೆದುರು ಏನಾದರೂ ಕಾಣ್ತದಾ?
"ಮಿಂಚುಹುಳ. ಈಗಲೂ."

ಕತ್ತರಿ ಇಟ್ಟೆ. ಇದಕ್ಕೆ ನನ್ನಲ್ಲಿ ಮದ್ದಿಲ್ಲ.
"ಎರಡು ಗುಳಿಗೆಗೆ ಇಷ್ಟು ಮಾತಾ!" ಎಂದು ಸಿಟ್ಟಾದಳು,
ಆ ಸಿಟ್ಟಿನೊಡನೆಯೇ ರಿಕ್ಷಾಕ್ಕೆ ಹತ್ತಿಸಿದೆ,
ಪಕ್ಕದ ಹೊಲಿಗೆಯ ಪ್ರೇಮಾಳನ್ನು ಜೊತೆ ಮಾಡಿ.
ಗುಳಿಗೆಯ ಖಾಲಿ ಲಕೋಟೆಯ ಮೇಲೆ ಬರೆದೆ:
ಬಿಪಿ ನೋಡಿ, ಈಗಲೇ.
ಅಕ್ಷರ ಸೊಟ್ಟ.

ಬುಟ್ಟಿ ನನ್ನ ಮೆಟ್ಟಿಲ ಮೇಲೆ ಉಳಿಯಿತು.

ಶಿರಸಿ ಕಡೆಯವಳು ನಾನು, ಮೊಸರನ್ನದ ಕೈ.
ಬಿಸಿಲೇರುತ್ತಿತ್ತು. ಮೀನು ಕಾಯುವುದಿಲ್ಲ ಎಂಬಷ್ಟು ಗೊತ್ತಿತ್ತು.
ಬಂಗಡೆ ನೂರಕ್ಕೆಷ್ಟು ಎಂದವರಿಗೆ
ನೀವೇ ಹೇಳಿ ಎಂದೆ.
ಪ್ರಾಮಾಣಿಕರು ಆರು ಅಂದರು, ಉಳಿದವರು ಹನ್ನೆರಡು.
ಔಷಧಿಯ ಕವರಿನಲ್ಲೇ ಕಟ್ಟಿ ಕೊಟ್ಟೆ,
ಸಂಜೆಗೆ ಆರುನೂರ ಇಪ್ಪತ್ತು,
ಹುಳಿತೇಗಿನ ಔಷಧಿಯ ಡ್ರಾವರಿನಲ್ಲಿ.
ರಾತ್ರಿ ಕೈ ತೊಳೆದೆ, ಮತ್ತೆ ತೊಳೆದೆ,
ಉಗುರಿನ ಸಂದಿಯಲ್ಲಿ ಅವಳು ಹೋಗಲಿಲ್ಲ.

ಎಂಟನೆಯ ದಿನ ದತ್ತಾರಾಮ.
"ಗಾಜಿನ ಪೆಟ್ಟಿಗೆಯಲ್ಲುಂಟು. ಹೆಣ್ಣು.
ಒಂದು ಕಿಲೋ ಎಂಟುನೂರ ಮೂವತ್ತು."
ತೂಕದಲ್ಲಿ ಅವನು ತಪ್ಪುವವನಲ್ಲ.
ಅವಳು?
"ಬೈತಾಳೆ."
ಡ್ರಾವರು ಎಳೆದು ದುಡ್ಡು ಕೊಟ್ಟೆ.
ಹೆಬ್ಬೆರಳಿಗೆ ಎಂಜಲು ಹಚ್ಚಿ ಎಣಿಸಿದ,
ಬುಟ್ಟಿ ನೋಡಿದ, ನನ್ನನ್ನು ನೋಡಿದ,
"ಪೂರಾ ಬುಟ್ಟಿಗೆ
ಇಷ್ಟೇನಾ ಅಕ್ಕೋರೆ?"